ಲುವಾಂಗ್ವಾ ಕಣಿವೆಗೆ ಫೆಬ್ರವರಿಯೋ, ಸೆಪ್ಟೆಂಬರೋ?

ಪ್ರಶ್ನೆ: ಜಾಂಬಿಯಾದ ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನದ ಒಂದು ಸಫಾರಿ ಲಾಡ್ಜಿನಲ್ಲಿ ನಾನು, ನನ್ನ ಹೆಂಡತಿ ಆರು ರಾತ್ರಿ ಉಳಿಯಬೇಕೆಂದಿದ್ದೇವೆ. ಫೆಬ್ರವರಿ ಕೊನೆಯ ವಾರ ಇಲ್ಲವೇ ಸೆಪ್ಟೆಂಬರ್ ಎರಡನೇ ವಾರ, ಎರಡರಲ್ಲೊಂದು ಆರಿಸಬೇಕು. ಫೆಬ್ರವರಿಯ ದರ ಬಹಳ ಕಡಿಮೆ. ಚಿರತೆ, ಆಫ್ರಿಕದ ಕಾಡುನಾಯಿ, ನದಿದಂಡೆಯಲ್ಲಿ ಸಾಲುಸಾಲಾಗಿ ಗೂಡು ಕೊರೆಯುವ ಆ ಕೆಂಪು ಹಕ್ಕಿ, ಇವಿಷ್ಟು ಆಸೆ. ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ, 100-400 ಮತ್ತು 24-70 ಲೆನ್ಸ್ ಇವೆ. ಕಬಿನಿ, ಭದ್ರಾದಲ್ಲಿ ಫೋಟೊ ತೆಗೆದ ಅಭ್ಯಾಸವಿದೆ. ಯಾವಾಗ ಹೋಗಲಿ? ಇನ್ನೊಂದು ಲೆನ್ಸ್ ಬೇಕಾದೀತೇ?

ಉತ್ತರ: ಸೆಪ್ಟೆಂಬರಿನಲ್ಲೇ ಹೋಗಿ. ಆದರೆ ಎರಡನೇ ವಾರ ಬೇಡ. ರಜೆ ಹೊಂದುವುದಾದರೆ 20ನೇ ತಾರೀಖಿನ ಆಚೆಗೆ ತಳ್ಳಿ. ನಿಮ್ಮ ಮೂರು ಆಸೆಗಳಲ್ಲಿ ಎರಡು ಆಗ ಕೈಗೂಡುವ ಸಾಧ್ಯತೆ ಹೆಚ್ಚು, ಮೂರನೆಯದು ಅದೃಷ್ಟಕ್ಕೆ ಬಿಟ್ಟದ್ದು. ಫೆಬ್ರವರಿಯ ದರ ಕಡಿಮೆ ಇರುವುದಕ್ಕೂ ಕಾರಣವಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನದಿಯ ವಿಷಯ ತಿಳಿದಿರಬೇಕು. ಲುವಾಂಗ್ವಾ ಜಾಂಬೆಜಿಯ ಉಪನದಿ, ಮುಖ್ಯ ಹರಿವಿಗೆ ಎಲ್ಲೂ ಅಣೆಕಟ್ಟಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ. ಆಗ ನದಿ ದಡ ಮೀರಿ ಹರಡಿಕೊಳ್ಳುತ್ತದೆ, ಹಳೆಯ ಪಾತ್ರಗಳಲ್ಲಿ ನೀರು ನಿಂತು ಬಿಲ್ಲಿನಾಕಾರದ ಕೊಳಗಳಾಗುತ್ತವೆ. ಮೇ ತಿಂಗಳಿಂದ ಎಲ್ಲವೂ ಹಿಂದೆ ಸರಿಯುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಒಳಗಿನ ಮೊಪಾನೆ ಕಾಡಿನ ಹೊಂಡಗಳೆಲ್ಲ ಒಣಗಿ, ನದಿ ಮತ್ತು ಬೆರಳೆಣಿಕೆಯ ಕೊಳಗಳು ಮಾತ್ರ ಉಳಿಯುತ್ತವೆ. 9,050 ಚದರ ಕಿಲೋಮೀಟರಿನ ಉದ್ಯಾನದ ಪ್ರಾಣಿಗಳು ದಂಡೆಯ ಕಿರಿದಾದ ಪಟ್ಟಿಗೆ ಬಂದು ಸೇರುತ್ತವೆ. ಮಾರ್ಚ್-ಏಪ್ರಿಲಿನಲ್ಲಿ ಕಬಿನಿ ಹಿನ್ನೀರು ಇಳಿದಾಗ ಆನೆಗಳು ಬಯಲಿಗೆ ಇಳಿಯುವುದನ್ನು ನೀವು ನೋಡಿದ್ದೀರಿ. ಲೆಕ್ಕ ಅದೇ, ಪಂಚಾಂಗ ಮಾತ್ರ ತಿರುಗುಮುರುಗು. ಅಲ್ಲಿಯ ಕಡುಬೇಸಿಗೆ ಸೆಪ್ಟೆಂಬರ್-ಅಕ್ಟೋಬರ್.

ಇಲ್ಲಿ ಏನಿಲ್ಲ ಎನ್ನುವುದನ್ನೂ ಹೇಳಿಬಿಡುವುದು ಒಳ್ಳೆಯದು. ಖಡ್ಗಮೃಗ ಇಲ್ಲ, ಕಳ್ಳಬೇಟೆಗೆ ಬಲಿಯಾಗಿ ದಶಕಗಳಾದವು. ಚೀತಾ ಎಂದು ಹಟ ಹಿಡಿಯಬೇಡಿ. ಬದಲಿಗೆ ಈ ಕಣಿವೆಯಲ್ಲಲ್ಲದೆ ಬೇರೆಲ್ಲೂ ಕಾಣದ ಥಾರ್ನಿಕ್ರಾಫ್ಟ್ ಜಿರಾಫೆ ಇದೆ. ಒತ್ತೊತ್ತಾದ ಸಪೂರ ಪಟ್ಟೆಗಳ, ಪಟ್ಟೆಗಳ ನಡುವೆ ಕಂದು ನೆರಳಿಲ್ಲದ ಕ್ರಾಶೇ ಜೀಬ್ರಾ ಇದೆ. ಪೂಕು ಎಂಬ ಚಿನ್ನದ ಬಣ್ಣದ ಜಿಂಕೆಯಂಥ ಪ್ರಾಣಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಹೆಚ್ಚಿನವರು ಅದನ್ನು ಮೊದಲ ದಿನ ಇನ್ನೂರು ಸಲ ಕ್ಲಿಕ್ಕಿಸಿ, ಎರಡನೇ ದಿನದಿಂದ ಕಣ್ಣೆತ್ತಿಯೂ ನೋಡುವುದಿಲ್ಲ. ಅದು ತಪ್ಪು. ಚಿರತೆಯ ಸುಳಿವು ಕೊಡುವುದೇ ಪೂಕು. ಒಂದೇ ಕಡೆ ಮುಖ ಮಾಡಿ ನಿಂತು ಬಿಟ್ಟುಬಿಟ್ಟು ಸಿಳ್ಳೆ ಹಾಕುತ್ತಿದ್ದರೆ ಅದರ ನೋಟದ ನೇರಕ್ಕೆ ನೋಡಿ. ನಾಗರಹೊಳೆಯಲ್ಲಿ ಕಡವೆ ಕೂಗಿದಾಗ ಜೀಪು ನಿಲ್ಲಿಸಿ ಕಿವಿಗೊಡುವ ಅಭ್ಯಾಸ ಇಲ್ಲೂ ಕೈಹಿಡಿಯುತ್ತದೆ. ಬಬೂನ್‌ಗಳ ಬೊಗಳು, ಇಂಪಾಲಾ ಎಂಬ ಇನ್ನೊಂದು ಜಿಂಕೆಯಂಥ ಪ್ರಾಣಿಯ ಸೀನಿನಂಥ ಸದ್ದು ಅದಕ್ಕೆ ಜೊತೆಗೂಡಿದರೆ ಇನ್ನೂ ಖಚಿತ.

ಸೆಪ್ಟೆಂಬರಿನಲ್ಲಿ ಚಿರತೆ ಹುಡುಕುವವರು ಸಾಸೇಜ್ ಮರದ ಬುಡ ನೋಡುತ್ತಾರೆ. ಉದ್ದನೆಯ ಸೌತೆಯಂತೆ ಕಾಯಿ ತೂಗುವ ಮರ. ನಮ್ಮಲ್ಲೂ ಹಳೆಯ ಉದ್ಯಾನಗಳಲ್ಲಿ ನೆಟ್ಟಿದ್ದಾರೆ, ನೋಡಿರುತ್ತೀರಿ. ಬೇಸಿಗೆಯಲ್ಲಿ ಅದರ ಕಡುಗೆಂಪು ಹೂ ರಾತ್ರಿ ಅರಳಿ ಬೆಳಗ್ಗೆ ಉದುರುತ್ತದೆ. ಹುಲ್ಲೆಲ್ಲ ಒಣಗಿರುವಾಗ ಆ ಹೂ ತಿನ್ನಲು ಪೂಕು, ಇಂಪಾಲಾ, ಬಬೂನ್ ಬರುತ್ತವೆ. ಚಿರತೆ ಮೇಲೆ ಕೊಂಬೆಯಲ್ಲಿ ಕಾದಿರುತ್ತದೆ. ಇಲ್ಲಿ ಕೆಡುವುದು ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ. ಕೆಳಗಿನಿಂದ ಮೇಲಕ್ಕೆ ನೋಡುವಾಗ ಹಿಂದೆ ಬಿಳಿಚಿದ ಆಕಾಶವಿರುತ್ತದೆ, ಕ್ಯಾಮೆರಾ ಅದನ್ನು ನಂಬಿ ಚಿರತೆಯನ್ನು ಕರಿ ಬೊಂಬೆ ಮಾಡುತ್ತದೆ. ಎಕ್ಸ್‌ಪೋಶರನ್ನು +1ರಿಂದ +1.7 ಸ್ಟಾಪಿನವರೆಗೆ (ಒಂದು ಸ್ಟಾಪ್ ಏರಿಸಿದರೆ ಬೆಳಕು ದುಪ್ಪಟ್ಟು) ಏರಿಸಿ, ಆಕಾಶ ಸುಟ್ಟುಹೋದರೆ ಹೋಗಲಿ. ಅದಕ್ಕಿಂತ ಮೇಲು, ಗಾಡಿಯನ್ನು ನಾಲ್ಕೈದು ಮೀಟರ್ ಹಿಂದೆ-ಮುಂದೆ ಮಾಡಲು ಗೈಡಿಗೆ ಹೇಳಿ, ಚಿರತೆಯ ತಲೆಯ ಹಿಂದೆ ಇನ್ನೊಂದು ಮರದ ಎಲೆರಾಶಿ ಬರುವಂತೆ ನೋಡಿಕೊಳ್ಳಿ. ಹತ್ತು ಸೆಕೆಂಡಿನ ಕೆಲಸ, ಸಂಕೋಚಪಟ್ಟು ಕೇಳದೇ ಇರುವವರೇ ಜಾಸ್ತಿ.

ಈಗ ನಿಮ್ಮ ಕೆಂಪು ಹಕ್ಕಿ. ಸದರ್ನ್ ಕಾರ್ಮೈನ್ ಬೀ-ಈಟರ್, ನಮ್ಮ ಕಳ್ಳಿಪೀರದ ಬಳಗದ್ದು. ಗಾತ್ರದಲ್ಲಿ ದೊಡ್ಡದು, ಮೈಯೆಲ್ಲ ಕುಂಕುಮಗೆಂಪು, ನೆತ್ತಿ ಮತ್ತು ಬಾಲದ ಬುಡ ತಿಳಿನೀಲಿ. ಆಗಸ್ಟ್ ಕೊನೆಗೆ ದಂಡುದಂಡಾಗಿ ಬಂದು, ನೀರಿಳಿದು ಬತ್ತಲಾದ ನೆಟ್ಟನೆ ದಂಡೆಯಲ್ಲಿ ಮೀಟರಿಗೂ ಉದ್ದದ ಬಿಲ ಕೊರೆಯುತ್ತವೆ. ಸೆಪ್ಟೆಂಬರ್ ಮೊದಲ ಪಕ್ಷದಲ್ಲಿ ಬಿಲ ತೋಡುವುದು, ಜಗಳವಾಡುವುದು ಹೆಚ್ಚು. ಮೂರನೇ ವಾರದ ಹೊತ್ತಿಗೆ ಎಲ್ಲ ಜೋಡಿಗಳೂ ನೆಲೆ ನಿಂತು ಹೋಗಿಬರುವ ಓಡಾಟ ತುಂಬಿಕೊಳ್ಳುತ್ತದೆ. ನಾನು ತಾರೀಖು ತಳ್ಳಿ ಎಂದದ್ದು ಅದಕ್ಕೆ. ಅಕ್ಟೋಬರಿನಲ್ಲೂ ಸಿಗುತ್ತವೆ, ಆದರೆ ಆಗ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಟೆಂಟಿನಲ್ಲಿ ಮಲಗಲೂ ಆಗದು.

ದಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎನ್ನುವುದು ಅರ್ಧ ಚಿತ್ರ. ಪೂರ್ವಕ್ಕೆ ಮುಖವಿದ್ದರೆ ಬೆಳಗ್ಗೆ ಹೋಗಿ, ಪಶ್ಚಿಮಕ್ಕಿದ್ದರೆ ಸಂಜೆ. ಸೆಪ್ಟೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು 5:45ರ ಸುಮಾರಿಗೆ, ಎಂಟೂವರೆಗೆ ಆಗಲೇ 40 ಡಿಗ್ರಿ ಮೇಲೇರಿರುತ್ತಾನೆ, ಹಕ್ಕಿಯ ಹೊಟ್ಟೆ ನೆರಳಿಗೆ ಬೀಳುತ್ತದೆ. ಆದ್ದರಿಂದ ಸಿಗುವುದು ಎರಡೇ ಗಂಟೆ. ಕೆಲವು ಲಾಡ್ಜಿನವರು ತೆಳುನೀರಿನಲ್ಲಿ ದೋಣಿಗೆ ಮರೆ ಕಟ್ಟಿ ದಂಡೆಯ ಎದುರು ನಿಲ್ಲಿಸಿರುತ್ತಾರೆ. ಅದು ಸಿಕ್ಕರೆ ಬಿಡಬೇಡಿ, ಹಕ್ಕಿಯ ಮಟ್ಟಕ್ಕೆ ನೀವಿರುತ್ತೀರಿ.

ಹಾರುವ ಹಕ್ಕಿಗೆ ಶಟರ್ 1/3200 ಸೆಕೆಂಡ್, ಲೆನ್ಸಿನ ಕಿಂಡಿ ಎಫ್/6.3, ಬೆಳಕಿನ ಸಂವೇದನೆ (ಐಎಸ್‌ಒ) ಆಟೊ. ಲೆನ್ಸಿನ 400 ಮಿ.ಮೀ. ತುದಿಯಲ್ಲಿ 15 ಮೀಟರ್ ದೂರಕ್ಕೆ ಫ್ರೇಮಿನ ಅಗಲ 1.35 ಮೀಟರ್ ಬರುತ್ತದೆ, ರೆಕ್ಕೆ ಬಿಚ್ಚಿದ ಹಕ್ಕಿ ಅದರ ಮೂರನೇ ಒಂದು ಭಾಗ ತುಂಬುತ್ತದೆ, ಬೇಕಾದಷ್ಟಾಯಿತು. ಫೋಕಸ್ ಆಳ ಅರ್ಧ ಮೀಟರ್ ಮಾತ್ರ. ನೂರಾರು ಹಕ್ಕಿಗಳ ನಡುವೆ ಫೋಕಸ್ ಎಲ್ಲೆಲ್ಲೋ ಹಾರಾಡುವುದರಿಂದ ದಂಡೆಯ ಒಂದು ಬಿಲ ಆರಿಸಿಕೊಂಡು, ಅದಕ್ಕಿಂತ ತುಸು ಮುಂದಕ್ಕೆ ಫೋಕಸ್ ಹಿಡಿದು, ಆ ಬಿಲದ ಮಾಲೀಕ ವಾಪಸ್ ಬರುವುದನ್ನೇ ಕಾಯಿರಿ. ಇಳಿಯುವ ಮೊದಲು ಹಕ್ಕಿ ಗಾಳಿಗೆ ಎದುರಾಗಿ ಕ್ಷಣ ನಿಧಾನಿಸುತ್ತದೆ, ನಿಮ್ಮ ಚಿತ್ರ ಅಲ್ಲಿದೆ. ಗಾಳಿ ನಿಮ್ಮ ಬೆನ್ನಿಗಿದ್ದರೆ ಮುಖ ಸಿಗುತ್ತದೆ, ಎದುರಿನಿಂದ ಬೀಸಿದರೆ ಬರೀ ಬಾಲ.

ಇಷ್ಟೆಲ್ಲ ಮಾಡಿ ಮನೆಗೆ ಬಂದವರು ನಿರಾಶರಾಗುವುದು ಬಣ್ಣದಲ್ಲಿ. ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಸರಿಯಾಗೇ ಕಾಣುತ್ತದೆ, ಆದರೆ ಕೆಂಪು ಚಾನೆಲ್ ಒಂದೇ ತುಂಬಿ ಹೊರಚೆಲ್ಲಿರುತ್ತದೆ. ಎದೆಯ ಗರಿಗಳೆಲ್ಲ ಅಂಟಿಕೊಂಡು ಬಣ್ಣ ಬಳಿದ ಪ್ಲಾಸ್ಟಿಕ್ಕಿನಂತೆ ಕಾಣುತ್ತವೆ. ಮೆನುವಿಗೆ ಹೋಗಿ ಮೂರು ಬಣ್ಣದ ಹಿಸ್ಟೋಗ್ರಾಮ್ ಆನ್ ಮಾಡಿ, ಕೆಂಪು ಗೆರೆ ಬಲಗೋಡೆಗೆ ತಾಗದಂತೆ ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಇಳಿಸಿ, ರಾ ಫೈಲಿನಲ್ಲೇ ತೆಗೆಯಿರಿ. ಇನ್ನೊಂದು ಮಾತು, ದಂಡೆಯ ಮೇಲ್ತುದಿಗೆ ಎಂದೂ ನಡೆದುಹೋಗಬೇಡಿ. ಬಿಲ ಕೊರೆದು ಟೊಳ್ಳಾದ ಮಣ್ಣು ಕುಸಿದರೆ ನಿಮ್ಮ ಜೊತೆಗೆ ಗೂಡುಗಳೂ ಮೊಸಳೆಯ ನೀರಿಗೆ. ಗಿಡುಗ, ಮೀನುಹದ್ದು ಮೇಲೆ ಬಂದಾಗ ಇಡೀ ದಂಡು ಒಮ್ಮೆಲೇ ಎದ್ದು ಆಕಾಶ ಕೆಂಪಾಗುತ್ತದೆ. ಆಗ 400ನ್ನು ಬಿಟ್ಟು 24-70 ಎತ್ತಿಕೊಳ್ಳಿ. ಅದಕ್ಕೆ ಎರಡನೇ ಬಾಡಿ, ಅಂದರೆ ಇನ್ನೊಂದು ಕ್ಯಾಮೆರಾ ಬೇಕು.

ಹೌದು, ನೀವು ಕೇಳಿದ್ದು ಇನ್ನೊಂದು ಲೆನ್ಸಿನ ಬಗ್ಗೆ, ನಾನು ಹೇಳುವುದು ಇನ್ನೊಂದು ಬಾಡಿಯ ಬಗ್ಗೆ. ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಸೆಪ್ಟೆಂಬರಿನ ಲುವಾಂಗ್ವಾ ಎಂದರೆ ಧೂಳು. ಮುಂದಿನ ಗಾಡಿಯ ಧೂಳು ಹಿಟ್ಟಿನಂತೆ ನುಣ್ಣಗೆ, ತೆರೆದ ಜೀಪಿನಲ್ಲಿ ತಡೆಯೇ ಇಲ್ಲ. ಗಾಡಿಯಲ್ಲಿ ಲೆನ್ಸ್ ಬದಲಿಸಿದರೆ ಮಾರನೇ ದಿನದ ಆಕಾಶದ ತುಂಬ ಕಪ್ಪು ಚುಕ್ಕೆ. ಎರಡು ಬಾಡಿಗಳಿಗೆ ಒಂದೊಂದು ಲೆನ್ಸ್ ಹಾಕಿ, ಬೆಳಗಿನಿಂದ ಸಂಜೆವರೆಗೆ ಬಿಚ್ಚಬೇಡಿ. ಓಡುವಾಗ ಕ್ಯಾಮೆರಾಗಳನ್ನು ಹಳೆಯ ದಿಂಬಿನ ಕವರಿನಲ್ಲಿ ಹಾಕಿಟ್ಟುಕೊಳ್ಳಿ. ಬ್ಯಾಗಿನ ಜಿಪ್ ಎಳೆಯುವಷ್ಟರಲ್ಲಿ ಚಿರತೆ ಹೋಗಿರುತ್ತದೆ, ಕವರಾದರೆ ಎಳೆದರೆ ಸಾಕು. ಗಾಜಿನ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಬೇಡಿ, ಮೊದಲು ರಬ್ಬರ್ ಬ್ಲೋವರಿನಿಂದ ಊದಿ. ಒರೆಸಿದರೆ ಮರಳು ಗೀರುತ್ತದೆ.

ಇನ್ನೊಂದು ಗೊಂದಲ ಬೆಳಗ್ಗೆ ಒಂಬತ್ತರ ಮೇಲೆ ಬರುವ ಬಿಸಿಗಾಳಿಯ ನಡುಕದ್ದು. ಒಣ ಮರಳಿನಿಂದ ಕಾದು ಮೇಲೆದ್ದ ಗಾಳಿಯ ಮೂಲಕ ಎಂಬತ್ತು ಮೀಟರ್ ಆಚೆಯ ಸಿಂಹವನ್ನು 400ರಲ್ಲಿ ತೆಗೆದರೆ 1/2000 ಇದ್ದರೂ ಮುಖ ಮೆತ್ತಗೆ ಕಾಣುತ್ತದೆ. ಜನ ಲೆನ್ಸನ್ನು ದೂರಿ ಸರ್ವಿಸ್‌ಗೆ ಕಳಿಸುತ್ತಾರೆ. ಲೆನ್ಸಿನ ತಪ್ಪಲ್ಲ, 600 ಹಾಕಿದರೆ ಇನ್ನೂ ಕೆಡುತ್ತದೆ. ಹತ್ತಿರ ಹೋಗಬೇಕು, ಇಲ್ಲವೇ ಕ್ಯಾಮೆರಾ ಕೆಳಗಿಟ್ಟು ನೋಡಬೇಕು. ನಿಮಗೆ ಉದ್ದನೆಯ ಲೆನ್ಸ್ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ. ಫೋಟೊ ತೆಗೆಯುವಾಗ ಇಂಜಿನ್ ಆಫ್ ಮಾಡಿಸಿ. ಅದುರುವುದೂ ತಪ್ಪುತ್ತದೆ, ಬಾನೆಟ್ ಮೇಲಿನ ಬಿಸಿಗಾಳಿಯೂ.

ಅದೇ ಧೂಳು ಸಂಜೆ ಐದಕ್ಕೆ ವರವಾಗುತ್ತದೆ. ಕಾಡುಕಿಚ್ಚಿನ ಹೊಗೆಯೂ ಸೇರಿ ಸೂರ್ಯ ಕಿತ್ತಳೆ ಉಂಡೆಯಾಗಿ ಇಳಿಯುತ್ತಾನೆ, ಕಣ್ಣಿಟ್ಟು ನೋಡಬಹುದು. ಕಾಡೆಮ್ಮೆಗಳ ಹಿಂಡು ನೀರಿಗೆ ಬರುವಾಗ ಸೂರ್ಯನಿಗೆ ಎದುರಾಗಿ ಗಾಡಿ ನಿಲ್ಲಿಸಿ, ಒಂದೂವರೆ ಸ್ಟಾಪ್ ಇಳಿಸಿ ತೆಗೆಯಿರಿ. ಎದ್ದ ಧೂಳಿಗೆಲ್ಲ ಬೆಂಕಿ ಹತ್ತಿದಂತಿರುತ್ತದೆ. ಕೊಂಬುಗಳು ಒಂದರ ಮೇಲೊಂದು ಬೀಳದ ಕ್ಷಣ ಹುಡುಕುವುದೊಂದೇ ಕಷ್ಟ.

ಕತ್ತಲಾದ ಮೇಲೆ ನಿಮ್ಮ ಕಬಿನಿಯ ಅಭ್ಯಾಸ ಸಾಲದು, ಅಲ್ಲಿ ರಾತ್ರಿ ಸಫಾರಿ ಇಲ್ಲವಲ್ಲ. ಲುವಾಂಗ್ವಾದಲ್ಲಿ ಉಂಟು. ನಾಲ್ಕಕ್ಕೆ ಹೊರಟ ಗಾಡಿ ಆರರ ಹೊತ್ತಿಗೆ ಎಲ್ಲಾದರೂ ದಂಡೆಯಲ್ಲಿ ನಿಂತು, ಆಮೇಲೆ ಸ್ಪಾಟ್‌ಲೈಟ್ ಹಿಡಿದು ಹೊರಡುತ್ತದೆ. ಚಿರತೆ ಬೇಟೆಗೆ ಇಳಿಯುವುದೂ ಆಗಲೇ. ಮುಳ್ಳುಹಂದಿ, ಪುನುಗುಬೆಕ್ಕಿನ ಬಳಗದ ಜೆನೆಟ್, ಸಿವೆಟ್ ಸಿಗುವುದು ಆಗ ಮಾತ್ರ. ಆಟೊ ಎಕ್ಸ್‌ಪೋಶರ್ ಬಿಟ್ಟರೆ ಸುತ್ತಲಿನ ಕತ್ತಲೆಗೆ ಹೆದರಿ ಕ್ಯಾಮೆರಾ ಚಿರತೆಯನ್ನು ಬಿಳಿ ಮಾಡುತ್ತದೆ. ಮ್ಯಾನುಯಲ್‌ಗೆ ಹೋಗಿ ಎಫ್/5.6, 1/80, ಐಎಸ್‌ಒ 6400ರಿಂದ ಶುರುಮಾಡಿ ಪರದೆ ನೋಡಿ ಹೊಂದಿಸಿಕೊಳ್ಳಿ. ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಮೇಲೆ ಲೆನ್ಸ್ ಊರಿ, ಚಿರತೆ ನಿಂತ ಕ್ಷಣಕ್ಕೆ ಕಾದು, ಹತ್ತರ ಗೊಂಚಲಿನಲ್ಲಿ ತೆಗೆಯಿರಿ. ಎರಡು ಚೂಪಾಗಿ ಬಂದರೆ ಲಾಭ. ನಿಮ್ಮ ಗಾಡಿಯ ದೀಪ ಎದುರಿನಿಂದ ಬಿದ್ದರೆ ಮುಖ ಚಪ್ಪಟೆ, ಕಣ್ಣು ಎರಡು ಬಿಳಿ ಗುಂಡಿ. ಇನ್ನೊಂದು ಗಾಡಿ ಪಕ್ಕದಿಂದಲೋ ಹಿಂದಿನಿಂದಲೋ ದೀಪ ಹಿಡಿದಿದ್ದರೆ ನಿಮ್ಮದನ್ನು ಆರಿಸಲು ಹೇಳಿ. ಮೈಯಂಚಿನ ರೋಮಗಳೆಲ್ಲ ಬೆಳ್ಳಿಗೆರೆಯಾಗಿ ಏಳುತ್ತವೆ. ಬಾಡಿಗೆಗೆ ಲೆನ್ಸೇ ತರುವುದಿದ್ದರೆ 70-200 ಎಫ್/2.8 ತನ್ನಿ. ಎರಡು ಸ್ಟಾಪ್ ಉಳಿಯುವುದು ಇಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಹಗಲಿನ ಪ್ರಾಣಿಗಳಾದ ಇಂಪಾಲಾ, ಪೂಕುಗಳ ಮೇಲೆ ದೀಪ ಬಿಟ್ಟರೆ ಅವು ಕುರುಡಾಗಿ ನಿಲ್ಲುತ್ತವೆ, ಹಿಂದೆಯೇ ಇರುವ ಚಿರತೆಗೆ ತಟ್ಟೆಯಲ್ಲಿಟ್ಟು ಕೊಟ್ಟಂತೆ. ಒಳ್ಳೆಯ ಗೈಡ್ ತಾನಾಗಿಯೇ ದೀಪ ತಿರುಗಿಸುತ್ತಾನೆ. ಬೇಟೆ ನಡೆಯುತ್ತಿದ್ದರೆ ಪೂರ್ತಿ ಆರಿಸುತ್ತಾನೆ. ಆಗ ಗೊಣಗಬೇಡಿ.

ಕಾಡುನಾಯಿ ಅದೃಷ್ಟಕ್ಕೆ ಬಿಟ್ಟದ್ದು ಎಂದೆನಲ್ಲ. ಆಫ್ರಿಕದ ಬಣ್ಣಬಣ್ಣದ ಕಾಡುನಾಯಿ ನಮ್ಮ ಸೀಳುನಾಯಿಯಂತೆಯೇ ಗುಂಪಿನಲ್ಲಿ ಬೇಟೆಯಾಡುವುದು, ಓಡಾಟದ ಹರವು ಮಾತ್ರ ನೂರಾರು ಚದರ ಕಿಲೋಮೀಟರ್. ವರ್ಷದ ನಡುವೆ ಮರಿ ಹಾಕಿದಾಗ ಬಿಲದ ಸುತ್ತ ಇರುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಮರಿಗಳೊಂದಿಗೆ ತಿರುಗಾಟಕ್ಕೆ ಹೊರಟಿರುತ್ತವೆ. ಇವತ್ತು ಇಲ್ಲಿದ್ದರೆ ನಾಳೆ ಇಪ್ಪತ್ತು ಕಿಲೋಮೀಟರ್ ಆಚೆ. ಮಳೆಗಾಲದ ಕೊನೆಯಲ್ಲಿ ಉದ್ಯಾನದ ಮುಖ್ಯ ಪ್ರವೇಶದ್ವಾರವಾದ ಮ್ಫುವೆ ಗೇಟಿನ ಆಸುಪಾಸಿನಲ್ಲಿ ಕಾಣುವುದು ಹೆಚ್ಚು. ನಿಮ್ಮ ಪಟ್ಟಿಯಲ್ಲಿ ಇದೊಂದೇ ಇದ್ದಿದ್ದರೆ ಫೆಬ್ರವರಿ-ಮಾರ್ಚ್ ಎನ್ನುತ್ತಿದ್ದೆ.

ಹಾಗಾದರೆ ಫೆಬ್ರವರಿ ಏಕೆ ಅಗ್ಗ? ನದಿಪಕ್ಕದ ನೆಲ ಎರೆಮಣ್ಣು. ಗದಗ, ನವಲಗುಂದದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಒಂದು ಮಳೆಗೆ ಗಾಲಿ ಹೂತುಹೋಗುತ್ತದೆ. ಒಳಗಿನ ಬಹಳಷ್ಟು ಕ್ಯಾಂಪುಗಳು ಮುಚ್ಚಿರುತ್ತವೆ, ಮ್ಫುವೆ ಗೇಟಿನ ಹತ್ತಿರದ ಗಟ್ಟಿ ರಸ್ತೆಗಳಲ್ಲಷ್ಟೇ ತಿರುಗಾಟ. ಹುಲ್ಲು ಆಳೆತ್ತರ. ಕಾರ್ಮೈನ್ ದಂಡು ಇರುವುದಿಲ್ಲ. ಆದರೆ ಮಳೆ ತೊಳೆದ ಗಾಳಿ, ಕರಿಮೋಡದ ಎದುರಿಗೆ ಬಿಸಿಲು ಬಿದ್ದ ಹಸಿರು, ಮೈತುಂಬ ಹಳದಿಯೇರಿದ ಗೀಜಗಗಳು, ಇವೆಲ್ಲ ಸೆಪ್ಟೆಂಬರಿನಲ್ಲಿ ಸಿಗವು. ನದಿ ತುಂಬಿರುವುದರಿಂದ ದೋಣಿಯಲ್ಲಿ ಮುಳುಗಿದ ಎಬೊನಿ ತೋಪುಗಳ ನಡುವೆ ಹೋಗಬಹುದು. ಸ್ವಲ್ಪ ತಡೆದು ಮಾರ್ಚ್-ಏಪ್ರಿಲಿಗೆ ಹೋದರೆ ನ್ಸೆಫು ಭಾಗದಲ್ಲಿ ಹಳದಿ ಕೊಕ್ಕಿನ ಕೊಕ್ಕರೆಗಳ ಗೂಡುಗಳಿರುತ್ತವೆ; ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆಯ ಹತ್ತಿರದ ಬಂಧು, ಗುರುತಿಸಲು ಕಷ್ಟವಿಲ್ಲ. ಎರಡನೇ ಸಲ ಹೋಗುವವರಿಗೆ ನಾನು ಹೇಳುವ ಕಾಲ ಇದೇ. ಮೊದಲ ಸಲಕ್ಕೆ, ಚಿರತೆ ಬೇಕೆನ್ನುವವರಿಗೆ, ಅಲ್ಲ.

ನಡಿಗೆ ಸಫಾರಿಗೆ ಈ ಕಣಿವೆ ಹೆಸರಾದದ್ದು, ಒಂದು ಬೆಳಗು ಅದಕ್ಕಿಡಿ. ಗೈಡಿನ ಜೊತೆ ಬಂದೂಕು ಹಿಡಿದ ವನ್ಯಜೀವಿ ಇಲಾಖೆಯ ಸ್ಕೌಟ್ ಮುಂದಿರುತ್ತಾನೆ, ಉಳಿದವರು ಒಬ್ಬರ ಹಿಂದೊಬ್ಬರು. ಒಂದು ಬಾಡಿ, ಒಂದು ಲೆನ್ಸ್ ಸಾಕು. ಟ್ರೈಪಾಡ್ ಬೇಡವೇ ಬೇಡ. ದೊಡ್ಡ ಪ್ರಾಣಿಗಳ ಒಳ್ಳೆಯ ಚಿತ್ರ ಅಲ್ಲಿ ಸಿಗುವುದು ಅಪರೂಪ, ಆದರೂ ಹೋಗಿ.

ಬಟ್ಟೆಯಲ್ಲಿ ಕಡುನೀಲಿ, ಕಪ್ಪು ಬಿಡಿ. ತ್ಸೆತ್ಸೆ ನೊಣ ಆ ಬಣ್ಣಗಳನ್ನೇ ಹುಡುಕಿಕೊಂಡು ಬರುತ್ತದೆ, ಜೀನ್ಸಿನ ಮೇಲಿಂದಲೂ ಕಚ್ಚುತ್ತದೆ. ಮಲೇರಿಯಾ ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮೊದಲೇ ಶುರುಮಾಡಿ. ನೈರೋಬಿ ಅಥವಾ ಅಡಿಸ್ ಅಬಾಬಾ ಮೇಲೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಹಾಕಿಸಿಬಿಡಿ. ಪ್ರಮಾಣಪತ್ರ ಊರ್ಜಿತವಾಗುವುದು ಹಾಕಿಸಿದ ಹತ್ತು ದಿನಕ್ಕೆ, ಕೊನೆಯ ವಾರಕ್ಕಿಟ್ಟರೆ ಕೆಲಸಕ್ಕೆ ಬಾರದು. ಲುಸಾಕಾದಿಂದ ಮ್ಫುವೆಗೆ ಸಣ್ಣ ವಿಮಾನ. ತೂಕದ ಮಿತಿಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ, ಗಟ್ಟಿ ಸೂಟ್‌ಕೇಸ್ ಬದಲು ಮೆತ್ತನೆ ಬ್ಯಾಗ್ ಒಯ್ಯಿರಿ. ಬೀನ್ ಬ್ಯಾಗನ್ನು ಖಾಲಿ ಒಯ್ದು ಲಾಡ್ಜಿನ ಅಡುಗೆಮನೆಯಲ್ಲಿ ಎರಡು-ಮೂರು ಕಿಲೋ ಅಕ್ಕಿ ಕೇಳಿ ತುಂಬಿಸಿಕೊಳ್ಳಿ, ಬರುವಾಗ ವಾಪಸ್ ಕೊಡಿ. ಪ್ಲಗ್ ಹೆಚ್ಚಾಗಿ ಇಂಗ್ಲೆಂಡಿನ ಚೌಕ ಮೂರು ಕಡ್ಡಿಯದು, ಅಡಾಪ್ಟರ್ ಬೇಕು. ಸೋಲಾರ್ ಕ್ಯಾಂಪುಗಳಲ್ಲಿ ಚಾರ್ಜಿಂಗ್ ಹಗಲು ಮಾತ್ರ ಇರಬಹುದು, ಆದ್ದರಿಂದ ಒಂದೊಂದು ಕ್ಯಾಮೆರಾಕ್ಕೆ ಮೂರರಂತೆ ಬ್ಯಾಟರಿ. ಡ್ರೋನ್ ಮನೆಯಲ್ಲೇ ಇರಲಿ. ಸಸ್ಯಾಹಾರಿಗಳಾದರೆ ಬುಕಿಂಗ್ ಸಮಯದಲ್ಲೇ ಬರೆದು ತಿಳಿಸಿ. ಮೆಕ್ಕೆಜೋಳದ ಹಿಟ್ಟಿನ ನ್ಶಿಮಾ ನಮ್ಮ ಮುದ್ದೆಯ ತಮ್ಮ, ಸೊಪ್ಪಿನ ಪಲ್ಯದ ಜೊತೆ ಸಲೀಸಾಗಿ ಇಳಿಯುತ್ತದೆ.

ಹಣ ಕಟ್ಟುವ ಮೊದಲು ಲಾಡ್ಜಿಗೆ ಒಂದು ಇ-ಮೇಲ್ ಬರೆಯಿರಿ. ಗಾಡಿಯ ಒಂದು ಸಾಲಿಗೆ ಎಷ್ಟು ಜನ ಕೂರಿಸುತ್ತೀರಿ? ಮೂವರಾದರೆ ನಡುವಿನವರಿಗೆ ಫೋಟೊ ಇಲ್ಲ, ನಿಮಗೆ ಅಂಚಿನ ಎರಡು ಸೀಟು ಬೇಕೆಂದು ಬರೆದು ಪಡೆಯಿರಿ. ಲಾಡ್ಜ್ ಉದ್ಯಾನದ ಒಳಗೋ ಹೊರಗೋ, ಹೊರಗಾದರೆ ಬೆಳಗ್ಗೆ ಗೇಟು ದಾಟುವಾಗ ಗಂಟೆ ಎಷ್ಟಾಗಿರುತ್ತದೆ? ಸೂರ್ಯ ಹುಟ್ಟಿದ ಮೇಲಿನ ಮೊದಲ ಅರ್ಧ ಗಂಟೆ ಗೇಟಿನ ಸೇತುವೆಯಲ್ಲಿ ಗಾಡಿಗಳ ಸಾಲಿನಲ್ಲಿ ಕಳೆದರೆ ದಿನದ ಒಳ್ಳೆಯ ಬೆಳಕು ಹೋಯಿತು. ಕೊನೆಯದಾಗಿ, ನದಿ ಪ್ರತಿ ಮಳೆಗಾಲ ದಂಡೆ ಕಡಿದು ಪಾತ್ರ ಬದಲಿಸುತ್ತದೆ, ಹೋದ ವರ್ಷದ ಕಾರ್ಮೈನ್ ವಸಾಹತು ಈ ವರ್ಷ ಅಲ್ಲೇ ಇರಬೇಕೆಂದಿಲ್ಲ. ಆಗಸ್ಟ್ ಕೊನೆಗೆ ಇನ್ನೊಮ್ಮೆ ಬರೆದು, ಈ ಸಲ ಹಕ್ಕಿಗಳು ಲಾಡ್ಜಿನಿಂದ ಎಷ್ಟು ದೂರದಲ್ಲಿ ಇಳಿದಿವೆ, ಆ ದಂಡೆಯ ಮುಖ ಯಾವ ದಿಕ್ಕಿಗಿದೆ ಎಂದು ಕೇಳಿ.